ಮಿರ್ಚಿ ಅಂತ ನಾನ್ಯಾಕೆ ಅಂದೆ

2024ರ ಡಿಸೆಂಬರ್ 6ಕ್ಕೆ, ಅಂಬೇಡ್ಕರ್ ಪರಿನಿಬ್ಬಾಣದ ದಿನ ಆಗಬೇಕಿದ್ದ ಕಾರ್ಯಕ್ರಮ 8ನೇ ತಾರೀಖು ಭಾನುವಾರಕ್ಕೆ ಹೋಯಿತು. ಕಾರಣ ಪ್ರೊಜೆಕ್ಟರ್. ಮದುವೆ ಸೀಸನ್ನಿನಲ್ಲಿ ಗಂಗಾವತಿಯಲ್ಲಿ ಪ್ರೊಜೆಕ್ಟರ್ ಬಾಡಿಗೆಗೆ ಸಿಗುವುದು ಸಣ್ಣ ಮಾತಲ್ಲ. ಎಲ್ಲ ಕಲ್ಯಾಣ ಮಂಟಪದಲ್ಲೂ ಗಂಡು-ಹೆಣ್ಣಿನ ಫೋಟೋ ಗೋಡೆ ಮೇಲೆ ಓಡಾಡುತ್ತಿರುತ್ತವೆ. ಕೊನೆಗೆ ಸಿಕ್ಕದ್ದರಲ್ಲಿ ಎಡಗಡೆ ಮೂಲೆ ಹಸಿರಾಗಿ ಕಾಣುತ್ತಿತ್ತು. ಇರಲಿ ಅಂದುಕೊಂಡೆವು. ವಾರ್ಡನ್ ತಮ್ಮ ಮನೆಯಿಂದ ಬಿಳಿ ಪಂಚೆ ತಂದು ಊಟದ ಹಾಲಿನ ಗೋಡೆಗೆ ಮೊಳೆ ಹೊಡೆಸಿದರು.

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದ ಅತಿಥಿ. (ಇಷ್ಟು ವರ್ಷ ಉಳಿದವರನ್ನು ನಮ್ಮ ಮನೆಗಳಲ್ಲಾದರೆ ಅತಿಥಿ ಅನ್ನುವುದಿಲ್ಲ, ಬೇರೆ ಏನೋ ಅನ್ನುತ್ತಾರೆ.) ಹಾಸ್ಟೆಲಿನ ಹುಡುಗಿಯರಿಗೆ ವಾರಕ್ಕೊಮ್ಮೆ ಸಂಜೆ ಇಂಗ್ಲಿಷ್ ಹೇಳಿಕೊಡಲು ಹೋಗುತ್ತೇನೆ. ಹಾಗಾಗಿ ಸಿನಿಮಾ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಆರಿಸಿದ್ದು ಸ್ಪೈಕ್ ಲೀ 1997ರಲ್ಲಿ ಮಾಡಿದ ಸಾಕ್ಷ್ಯಚಿತ್ರ, ‘4 ಲಿಟಲ್ ಗರ್ಲ್ಸ್’. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ, 1963ರ ಸೆಪ್ಟೆಂಬರ್ 15ರ ಭಾನುವಾರ ಬೆಳಿಗ್ಗೆ 10 ಗಂಟೆ 22 ನಿಮಿಷಕ್ಕೆ, ಕರಿಯರ ಚರ್ಚೊಂದರ ಮೆಟ್ಟಿಲ ಕೆಳಗೆ ಇಟ್ಟಿದ್ದ ಡೈನಮೈಟ್ ಸಿಡಿದು ನಾಲ್ಕು ಹುಡುಗಿಯರು ಸತ್ತರು. ಆಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರೋಲ್ ರಾಬರ್ಟ್‌ಸನ್, ಈ ಮೂವರಿಗೂ 14 ವರ್ಷ. ಡೆನಿಸ್ ಮೆಕ್‌ನೇರ್‌ಗೆ 11. ಇಟ್ಟವರು ಕು ಕ್ಲಕ್ಸ್ ಕ್ಲಾನ್ ಅನ್ನುವ, ಕರಿಯರನ್ನು ದ್ವೇಷಿಸುವ ಬಿಳಿಯರ ಗುಪ್ತ ಸಂಘದವರು. ಸಿನಿಮಾದಲ್ಲಿ ಇರುವುದು ಬಹುಪಾಲು ಅಪ್ಪಂದಿರು, ಅಮ್ಮಂದಿರು, ಅಕ್ಕತಂಗಿಯರು, ನೆರೆಮನೆಯವರು. ಕುಳಿತು ಮಾತಾಡುತ್ತಾರೆ, ಅಷ್ಟೇ. 102 ನಿಮಿಷ.

ಕನ್ನಡದ ಅಕ್ಷರ ಕೆಳಗೆ ಬರುವ ಪ್ರತಿ ಇಲ್ಲ. ಹಾಗಾಗಿ ನಾನು ಮೈಕ್ ಹಿಡಿದು ಪ್ರೊಜೆಕ್ಟರಿನ ಪಕ್ಕ ಸ್ಟೂಲ್ ಹಾಕಿಕೊಂಡು ಕುಳಿತೆ. ನಾಲ್ಕು ಮಾತಿಗೊಮ್ಮೆ ನಿಲ್ಲಿಸಿ ಕನ್ನಡದಲ್ಲಿ ಹೇಳುವುದು, ಮತ್ತೆ ಓಡಿಸುವುದು. ಮೂರು ತಾಸು ಹಿಡಿಯಿತು. ಮಧ್ಯೆ ಒಮ್ಮೆ ಕರೆಂಟ್ ಹೋಯಿತು, ಅದು ಲೆಕ್ಕಕ್ಕಿಲ್ಲ.

ನೋಡಲು ಬಂದಿದ್ದು ಎರಡು ಹಾಸ್ಟೆಲಿನ ಹುಡುಗಿಯರು. ಒಂದು ಸಮಾಜ ಕಲ್ಯಾಣ ಇಲಾಖೆಯದು, ಇನ್ನೊಂದು ಹಿಂದುಳಿದ ವರ್ಗಗಳ ಇಲಾಖೆಯದು. ಇಲ್ಲಿಯವರು ಅಲ್ಲಿ, ಅಲ್ಲಿಯವರು ಇಲ್ಲಿ ಕೆಲವರಿರುತ್ತಾರೆ, ಆದರೂ ಯಾವ ಹಾಸ್ಟೆಲು ಯಾರದು ಅಂತ ಆಟೋದವರಿಗೂ ಗೊತ್ತು. ಯಾರೂ ಹೇಳಿರಲಿಲ್ಲ, ಹಾಲಿನ ನಡುವೆ ಒಂದು ಜನ ಹಾಯುವಷ್ಟು ದಾರಿ ಬಿಟ್ಟು ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ ಕುಳಿತಿದ್ದರು. ಪ್ರೊಜೆಕ್ಟರಿನ ವೈರು ಅದೇ ದಾರಿಯಲ್ಲಿ ಹಾದುಹೋಗಿತ್ತು, ಅದಕ್ಕೇ ಬಿಟ್ಟಿದ್ದಾರೆ ಅಂತ ನನಗೆ ನಾನೇ ಹೇಳಿಕೊಂಡೆ.

ಹಿಂದೆ ಕುರ್ಚಿಗಳಲ್ಲಿ ವಾರ್ಡನ್, ನಮ್ಮ ಕಾಲೇಜಿನ ಇತಿಹಾಸದ ಮೇಷ್ಟ್ರು. ಬಾಗಿಲಲ್ಲಿ ವಾಚ್‌ಮನ್ ಅಣ್ಣ. ಅಡಿಗೆಮನೆಯ ಕಿಟಕಿಯಿಂದ ಅಡಿಗೆ ಅಕ್ಕ, ಕೈಯಲ್ಲಿ ಬಳ್ಳೊಳ್ಳಿ ಸುಲಿಯುತ್ತಾ. ಮೇಷ್ಟ್ರು ಮೊದಲಿಗೆ ಐದು ನಿಮಿಷ ಮಾತಾಡಿದರು. 1946ರಲ್ಲಿ ಅಂಬೇಡ್ಕರರು ಅಮೆರಿಕದ ಕರಿಯರ ದೊಡ್ಡ ವಿದ್ವಾಂಸ ಡುಬಾಯ್ಸ್ ಅವರಿಗೆ ಪತ್ರ ಬರೆದದ್ದು, ನಿಮ್ಮ ಜನ ವಿಶ್ವಸಂಸ್ಥೆಗೆ ಕೊಡುವ ಮನವಿಯ ಪ್ರತಿ ಬೇಕು ಅಂತ ಕೇಳಿದ್ದು. ಚೆನ್ನಾಗಿ ಹೇಳಿದರು. ಇದನ್ನು ಮೊದಲೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ಮುಂದೆ ಅವರ ಜೊತೆ ನನ್ನ ಜಗಳ ಬರುತ್ತದೆ. ಓದುವವರು ಅವರನ್ನು ಏನೂ ತಿಳಿಯದವರು ಅಂದುಕೊಳ್ಳಬಾರದು.

ಮೊದಲ ಅರ್ಧ ತಾಸು ನನಗೆ ಶಬ್ದಗಳ ಪರದಾಟ. ‘ಸೆಗ್ರಿಗೇಶನ್’ ಅಂತ ಪದೇ ಪದೇ ಬರುತ್ತದೆ. ಪ್ರತ್ಯೇಕತೆ ಅಂದೆ, ಯಾರ ಮುಖದಲ್ಲೂ ಏನೂ ಕದಲಲಿಲ್ಲ. ಬೇರೆ ಬೇರೆ ಇಡುವುದು ಅಂದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಪಕ್ಕದವಳಿಗೆ, ಮೈಕಿಗಿಂತ ಚೆನ್ನಾಗಿ ಕೇಳುವ ಹಾಗೆ, “ಹೊರಗ ಇಡಾದು ಅನ್ರಿ ಅಂತ ಹೇಳಲೇ ಮೇಡಂಗ” ಅಂದಳು. ಅಲ್ಲಿಂದ ಮುಂದೆ ಹೊರಗಿಡುವುದು ಅಂತಲೇ ಹೇಳಿದೆ.

ಆಮೇಲೆ ಡೆನಿಸ್‌ಳ ಅಪ್ಪ ಬಂದರು. ಕ್ರಿಸ್ ಮೆಕ್‌ನೇರ್, ವೃತ್ತಿಯಲ್ಲಿ ಫೋಟೋಗ್ರಾಫರ್. ಮಗಳನ್ನು ಪೇಟೆಗೆ ಕರೆದುಕೊಂಡು ಹೋದ ದಿನದ ಮಾತು. ದೊಡ್ಡ ಅಂಗಡಿ, ಒಳಗೇ ತಿಂಡಿಯ ಕಟ್ಟೆ, ಈರುಳ್ಳಿ ಬೇಯುವ ವಾಸನೆ. ಮಗಳು ಸ್ಯಾಂಡ್‌ವಿಚ್ ಬೇಕು ಅಂದಳು. ಆ ಅಂಗಡಿಯಲ್ಲಿ ಕರಿಯರು ದುಡ್ಡು ಕೊಟ್ಟು ಸಾಮಾನು ಕೊಳ್ಳಬಹುದು, ಆ ಕಟ್ಟೆಗೆ ಹೋಗಿ ತಿನ್ನುವ ಹಾಗಿಲ್ಲ. ನೀನು ಕರಿಯ ಹುಡುಗಿ, ಅದಕ್ಕೇ ನಿನಗೆ ಅದು ಸಿಗುವುದಿಲ್ಲ ಅಂತ ಅಪ್ಪ ಮೊದಲ ಸಲ ಬಾಯಿಬಿಟ್ಟು ಹೇಳಬೇಕಾಯಿತು. ಆ ಮನುಷ್ಯ ಇದನ್ನು ಹೇಳುವಾಗ ದನಿ ಏರಿಸುವುದಿಲ್ಲ. ಸುಮ್ಮನೆ ನಡೆದದ್ದನ್ನು ನಡೆದ ಹಾಗೆ ಹೇಳುತ್ತಾರೆ.

ನಾನು ನಿಲ್ಲಿಸಿ ಮೈಕ್ ಬಾಯಿಗೆ ಹಿಡಿದು ಕನ್ನಡದಲ್ಲಿ ಹೇಳಿದೆ. “ಉಳ್ಳಾಗಡ್ಡಿ ವಾಸನಿ ಬರಾಕತ್ತಿತ್ತು. ಮಗಳು, ಅಪ್ಪಾ ನನಗ ಮಿರ್ಚಿ ಕೊಡಿಸು ಅಂದ್ಲು.”

ಸ್ಯಾಂಡ್‌ವಿಚ್ ಅಂದಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲ ಅಂತೇನಿಲ್ಲ. ಈಗಿನ ಹುಡುಗಿಯರು, ಬೇಕರಿಗೆ ಹೋಗುವವರು. ಬೇಕಂತ ಬದಲಿಸಲಿಲ್ಲ. ಬಾಯಿಗೆ ಅದೇ ಬಂತು.

ಹಾಲಿನಲ್ಲಿ ಗುಜುಗುಜು ನಿಂತಿತು. ಅಡಿಗೆಮನೆಯ ಕಿಟಕಿಯಲ್ಲಿ ಬಳ್ಳೊಳ್ಳಿ ಸುಲಿಯುವ ಕೈ ನಿಂತಿತು. ಎಡಗಡೆ ಸಾಲಿನಲ್ಲಿ ಕುಷ್ಟಗಿ ಕಡೆಯ ಹುಡುಗಿ ಎದ್ದು ನಿಂತು, “ಮೇಡಂ, ಮಿಯಾಪುರದಾಗ ಹುಟ್ಟಿದ ಹಬ್ಬಕ್ಕ ಕೈಮುಗಿಸಾಕ ಕರಕೊಂಡ್ಹೋದ ಕೂಸು ಗುಡಿ ಒಳಗ ಓಡಿಹೋಗಿತ್ತಲ್ರಿ, ಇಪ್ಪತ್ತೈದು ಸಾವಿರ ದಂಡ ಹಾಕಿದ್ರಲ್ರಿ” ಅಂದಳು. 2021ರ ಸೆಪ್ಟೆಂಬರ್‌ನ ಸಂಗತಿ, ನಮ್ಮದೇ ಜಿಲ್ಲೆಯದು, ದೇಶದ ಪೇಪರಲ್ಲೆಲ್ಲ ಬಂದಿತ್ತು. ಬಲಗಡೆ ಸಾಲಿನಿಂದ ಯಾರೋ, “ಅದೆಲ್ಲ ಈಗ್ಯಾಕ, ಸಿನ್ಮಾ ಹಚ್ರಿ” ಅಂದರು. ಹಚ್ಚಿದೆ.

ಜಾರ್ಜ್ ವ್ಯಾಲೇಸ್ ಬಂದಾಗ ಆದದ್ದು ಇನ್ನೊಂದು ನಮೂನೆ. ಅಲಬಾಮಾದ ಗವರ್ನರ್ ಆಗಿದ್ದವನು. 1963ರ ಜನವರಿಯಲ್ಲಿ ಅಧಿಕಾರ ವಹಿಸಿಕೊಳ್ಳುವಾಗ, ಇವತ್ತೂ ನಾಳೆಯೂ ಎಂದೆಂದಿಗೂ ಕರಿಯರನ್ನು ಬೇರೆಯೇ ಇಡುತ್ತೇವೆ ಅಂತ ಭಾಷಣ ಮಾಡಿದವನು. 1972ರಲ್ಲಿ ಗುಂಡು ತಗುಲಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಸಿನಿಮಾದಲ್ಲಿ ಮುದುಕ, ಮಾತು ಸರಿಯಾಗಿ ಹೊರಡುವುದಿಲ್ಲ. ತನ್ನ ಚಾಕರಿಯ ಕರಿಯ ಸಹಾಯಕನನ್ನು ಕ್ಯಾಮೆರಾದ ಮುಂದೆ ಕರೆದು, ಇವನೇ ನನ್ನ ಅತಿ ಆಪ್ತ ಗೆಳೆಯ ಅನ್ನುತ್ತಾನೆ. ಆ ಸಹಾಯಕನ ಮುಖ ನೋಡಬೇಕು. ಎಲ್ಲಿ ನೋಡಬೇಕು ಅಂತ ಅವನಿಗೇ ಗೊತ್ತಿಲ್ಲ.

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಎರಡೂ ಕಡೆಯವರು. ನಾನು ಇನ್ನೂ ಕನ್ನಡಕ್ಕೆ ತಂದೇ ಇರಲಿಲ್ಲ. “ನಮ್ಮ ಗೌಡ್ರ ಮನ್ಯಾಗೂ ಹಂಗ, ನಮ್ಮಪ್ಪನ ಹೆಗಲ ಮ್ಯಾಲ ಕೈ ಇಟ್ಟು ಫೋಟೋ ತಗಸ್ತಾರ, ಎಲೆಕ್ಷನ್ ಟೈಮಿನಾಗ” ಅಂತ ಒಬ್ಬಳು. ಇತಿಹಾಸದ ಮೇಷ್ಟ್ರು ಹಿಂದಿನಿಂದ, “ರೋಗಿಷ್ಟ ಮುದುಕರನ್ನ ನೋಡಿ ನಗಬಾರದವ್ವಾ” ಅಂದರು. ಅವರ ಮಾತೂ ಸುಳ್ಳಲ್ಲ. ನನಗಂತೂ ಆ ದಿನ ಕೇಳಿದ ಅತ್ಯಂತ ಒಳ್ಳೆಯ ಸದ್ದು ಆ ನಗು. ಕಾಲೇಜಿನಲ್ಲಿ ಇದೇ ಹುಡುಗಿಯರು ಪ್ರಶ್ನೆ ಕೇಳಿದರೆ ಡೆಸ್ಕ್ ನೋಡುತ್ತಾರೆ.

ಸ್ಫೋಟದ ಹೊತ್ತಿನ ಮಾತು ಬಂತು. ಆ ಭಾನುವಾರ ಚರ್ಚಿನಲ್ಲಿ ಮಕ್ಕಳ ದಿನ. ಹುಡುಗಿಯರು ಬಿಳಿ ಬಟ್ಟೆ ಹಾಕಿಕೊಂಡು ನೆಲಮನೆಯ ಹೆಂಗಸರ ಕೋಣೆಯಲ್ಲಿ ಅಣಿಯಾಗುತ್ತಿದ್ದರು. ಆಡಿ ಮೇ, ಡೆನಿಸ್‌ಳ ಫ್ರಾಕಿನ ಹಿಂದಿನ ಪಟ್ಟಿ ಕಟ್ಟುತ್ತಿದ್ದಳು. ಆಡಿಯ ತಂಗಿ ಸೇರಾ ಅದನ್ನು ನೋಡುತ್ತಾ ನಿಂತಿದ್ದಳು. ಅದೇ ಕೊನೆ. ಸೇರಾ ಉಳಿದಳು, ಬಲಗಣ್ಣು ಹೋಯಿತು. ಪಟ್ಟಿ ಕಟ್ಟುವುದನ್ನು ಹೇಳಿದಾಗ ಮುಂದಿನ ಸಾಲಿನವಳು ತನ್ನ ಮುಂದೆ ಕುಳಿತವಳ ಜಡೆಯ ರಿಬ್ಬನ್ನು ಕೈಯಲ್ಲಿ ಹಿಡಿದಿದ್ದಳು, ಬಹಳ ಹೊತ್ತು ಬಿಡಲಿಲ್ಲ.

ಆಮೇಲೆ ಆ ಚಿತ್ರಗಳು. ಮಕ್ಕಳ ದೇಹಗಳ ಶವಾಗಾರದ ಫೋಟೋ ಕೆಲವೇ ಕ್ಷಣ ಬರುತ್ತವೆ. ಹಿಂದಿನ ರಾತ್ರಿ ಮೊಬೈಲಿನಲ್ಲಿ ನೋಡಿಕೊಂಡಿದ್ದೆ, ಎಲ್ಲಿ ಬರುತ್ತವೆ ಅಂತ ಗೊತ್ತಿತ್ತು. ಕೈ ಎತ್ತಿ ಪ್ರೊಜೆಕ್ಟರಿನ ಕಣ್ಣಿಗೆ ಅಡ್ಡ ಹಿಡಿದೆ. ಅಂಗೈ ಬಿಸಿಯಾಯಿತು, ಬೆರಳಿನ ಸಂದಿಯಲ್ಲಿ ಬೆಳಕು ಕೆಂಪಗೆ ಕಂಡಿತು. ಪಂಚೆಯ ಮೇಲೆ ನನ್ನ ಕೈಯ ನೆರಳು. ದನಿ ಮಾತ್ರ ಓಡುತ್ತಿತ್ತು. ಕೈ ತೆಗೆದೆ. ಯಾರೂ ಏನೂ ಅನ್ನಲಿಲ್ಲ, ಆಗ.

ಮುಗಿದ ಮೇಲೆ ಒಗ್ಗರಣೆ ಮಂಡಾಳು, ಚಹಾ. ಮೊದಲು ಬಂದವರು ಮೇಷ್ಟ್ರು.

“ಮಿರ್ಚಿ ಅಂದಿದ್ದು ನನಗೆ ಸೇರಲಿಲ್ಲ” ಅಂದರು. “ಆ ಹುಡುಗಿ ಸ್ಯಾಂಡ್‌ವಿಚ್ ಕೇಳಿದಳು. ಆಕೆಗೆ ಒಂದು ಊರಿದೆ, ಒಂದು ಅಂಗಡಿ ಇದೆ, ಒಂದು ರುಚಿ ಇದೆ. ನೀವು ಮಿರ್ಚಿ ಅಂದ ಕೂಡಲೇ ಆಕೆ ನಮ್ಮೂರ ಹುಡುಗಿ ಆಗಿಬಿಟ್ಟಳು, ಡೆನಿಸ್ ಅನ್ನೋಳು ಹೋದಳು. ಎರಡನೇ ಸಲ ಸತ್ತಳು ಅನ್ರಿ. ಎಲ್ಲವನ್ನೂ ನಮ್ಮದೇ ಅಂದುಬಿಡೋದೂ ಒಂದು ನಮೂನಿ ಕಸಕೊಳ್ಳೋದೇ.”

ಅವರು ಮುಂದುವರಿದರು. ಅಮೆರಿಕದಲ್ಲಿ ಚರ್ಚಿಗೆ ಬಾಂಬ್ ಇಟ್ಟರು, ಬರ್ಮಿಂಗ್‌ಹ್ಯಾಮ್‌ಗೆ ಬಾಂಬಿಂಗ್‌ಹ್ಯಾಮ್ ಅಂತಲೇ ಅಡ್ಡಹೆಸರಿತ್ತು. ನಮ್ಮದು ಅದಲ್ಲ, ಇದು ಅದಲ್ಲ, ಇಡೀ ಬೇರೆ ಇತಿಹಾಸ. ಜೊತೆಗೆ, ನ್ಯಾಯ ಆಗಲಿಲ್ಲ ಅನ್ನುವ ಹಾಗೂ ಇಲ್ಲ. ಅಲ್ಲಿ ಒಬ್ಬನಿಗೆ ಶಿಕ್ಷೆ ಆಗಿದ್ದು 1977ರಲ್ಲಿ, ಇನ್ನೊಬ್ಬನಿಗೆ 2001ರಲ್ಲಿ, ಮೂರನೆಯವನಿಗೆ 2002ರಲ್ಲಿ. ನಾಲ್ಕನೆಯವನು ಕೇಸೇ ಆಗದೆ 1994ರಲ್ಲಿ ಸತ್ತ. 39 ವರ್ಷ! ನಮ್ಮ ಮರಕುಂಬಿ ಹತ್ತು ವರ್ಷದಲ್ಲಿ ಮುಗಿಯಿತಲ್ಲ?

ಮರಕುಂಬಿ ಅಂದ ಕೂಡಲೇ ಮಂಡಾಳಿನ ಪ್ಲೇಟುಗಳ ಸದ್ದು ಕಡಿಮೆಯಾಯಿತು. ನಮ್ಮದೇ ತಾಲ್ಲೂಕಿನ ಊರು. 2014ರ ಆಗಸ್ಟಿನಲ್ಲಿ ದಲಿತರ ಮನೆಗಳ ಮೇಲೆ ನುಗ್ಗಿ ಗುಡಿಸಲಿಗೆ ಬೆಂಕಿ ಇಟ್ಟದ್ದು. ಹೋಟೆಲು, ಕ್ಷೌರದಂಗಡಿಯ ಒಳಗೆ ಬಿಡದ ತಕರಾರು ಅದರ ಹಿಂದೆ ಇತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಜೀವಾವಧಿಯವರಲ್ಲಿ ಬಹುತೇಕರಿಗೆ ಹೈಕೋರ್ಟಿನಲ್ಲಿ ಜಾಮೀನು ಆಯಿತು. ಇಲ್ಲಿ ಬಸ್ಸಿನಲ್ಲಿ, ಸಂತೆಯಲ್ಲಿ ಈ ಊರಿನ ಹೆಸರನ್ನು ಜನ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಪಕ್ಕದಲ್ಲಿ ಕುಳಿತವರು ಯಾವ ಪೈಕಿ ಅಂತ ಗೊತ್ತಿರುವುದಿಲ್ಲವಲ್ಲ. ಅಮೆರಿಕದವರಿಗೆ ಆ ತೊಂದರೆ ಇಲ್ಲ.

ನಾನು ಮೇಷ್ಟ್ರಿಗೆ ಸರಿಯಾದ ಉತ್ತರ ಕೊಡಲಿಲ್ಲ. “ಬಾಯಿಗೆ ಬಂತು ಸರ್” ಅಂದೆ. ಅವರು ಹೇಳಿದ್ದು ಈಗಲೂ ನನ್ನನ್ನು ಚುಚ್ಚುತ್ತದೆ. ಆ ಹುಡುಗಿಗೆ ಅವಳದೇ ಹಸಿವು ಇತ್ತು ಅನ್ನುವುದು ಖರೆ.

ಅಡಿಗೆ ಅಕ್ಕ ಬಂದದ್ದು ಎಲ್ಲ ಪಾತ್ರೆ ತೊಳೆದ ಮೇಲೆ. ಅವರದು ಎರಡು ತಕರಾರು.

“ಮಿರ್ಚಿ ಅಂದಿದ್ದು ಚಲೋ ಆತು. ಆದ್ರ ಕೊಡ್ತಿದ್ದಿಲ್ಲ ಅನ್ನಬ್ಯಾಡ್ರಿ, ಸುಳ್ಳಾಗ್ತೈತಿ. ನಮಗ ಕೊಡ್ತಿದ್ರು. ರೊಕ್ಕ ತಗೊಂಡು ಪೇಪರಿನಾಗ ಕಟ್ಟಿ ಕಿಡಕ್ಯಾಗಿಂದ ಕೊಡ್ತಿದ್ರು. ಬಿಸಿ ಬಿಸೀನ ಕೊಡ್ತಿದ್ರು. ಕುಂದರಾಕ ಬಿಡ್ತಿದ್ದಿಲ್ಲ.”

ನಾನು ಸುಮ್ಮನೆ ನಿಂತೆ. ಆಕೆಗೆ ಗೊತ್ತಿಲ್ಲದ್ದನ್ನು ಇಲ್ಲಿ ಬರೆದುಬಿಡುತ್ತೇನೆ. ನಮ್ಮಪ್ಪನದು ಕಾರಟಗಿ ಕಡೆಯ ಒಂದು ಹಳ್ಳಿಯಲ್ಲಿ ಚಹಾದಂಗಡಿ ಇತ್ತು, 2006ರ ತನಕ. ಸಂಜೆ ನಾಲ್ಕಕ್ಕೆ ಮಿರ್ಚಿ ಬಾಣಲಿ ಇಡುತ್ತಿದ್ದರು. ಎರಡು ಬೆಂಚು, ಒಂದು ಮೇಜು, ಪಕ್ಕದ ಗೋಡೆಯಲ್ಲಿ ಒಂದು ಸಣ್ಣ ಕಿಟಕಿ. ಆ ಕಿಟಕಿಯಲ್ಲಿ ನಿಂತು ಪೇಪರಿನ ಪೊಟ್ಟಣ ಕೊಡುವ ಕೆಲಸ ನನ್ನದು, ಆರನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನ ತನಕ. ಚಿಲ್ಲರೆಯನ್ನು ಅವರು ಕಟ್ಟೆ ಮೇಲೆ ಇಡಬೇಕು, ನಾನು ಎತ್ತಿಕೊಳ್ಳಬೇಕು. ನನ್ನ ವಯಸ್ಸಿನ ಹುಡುಗಿಯರೂ ಬರುತ್ತಿದ್ದರು. ಒಬ್ಬಳು ನನ್ನದೇ ಕ್ಲಾಸು. ಶಾಲೆಯಲ್ಲಿ ಗಣಿತ ತೋರಿಸಿಕೊಳ್ಳುತ್ತಿದ್ದೆ ಆಕೆಯಿಂದ, ಸಂಜೆ ಕಿಟಕಿಯಿಂದ ಪೊಟ್ಟಣ ಕೊಡುತ್ತಿದ್ದೆ. ಎರಡರಲ್ಲೂ ಏನೂ ಅನಿಸುತ್ತಿರಲಿಲ್ಲ. ಅನಿಸುತ್ತಿತ್ತು ಅಂತ ಈಗ ಬರೆದರೆ ಓದಲು ಚೆಂದ ಇರುತ್ತಿತ್ತು.

ಅಕ್ಕನ ಎರಡನೇ ತಕರಾರು ಕೈ ಅಡ್ಡ ಹಿಡಿದದ್ದರ ಬಗ್ಗೆ.

“ಯಾಕ ಮುಚ್ಚಿದ್ರಿ?”

“ಸಣ್ಣ ಹುಡುಗ್ರು ಅದಾರಲ್ಲಕ್ಕಾ.”

“ಸತ್ತಾವೂ ಸಣ್ಣ ಹುಡುಗ್ರ ಅಲ್ಲೇನ್ರೀ. ಮಣ್ಣಾಗಿಂದ ತಗದಾವ್ರು ನೋಡ್ಯಾರ. ಹಡದಾವ್ರು ನೋಡ್ಯಾರ. ನಾವು ನೋಡಿದ್ರ ಏನಾಗ್ತಿತ್ತು?”

ಅದೇ ಹೊತ್ತಿಗೆ ಪಕ್ಕದಲ್ಲಿ ಪ್ಲೇಟ್ ಇಡಲು ಬಂದ ಹುಡುಗಿ, “ಮುಚ್ಚಿದ್ದು ಚಲೋ ಆತ್ರಿ ಮೇಡಂ, ನನಗ ರಾತ್ರಿ ನಿದ್ದಿ ಬರ್ತಿದ್ದಿಲ್ಲ” ಅಂದಳು. ಅಕ್ಕ ಅವಳನ್ನು ನೋಡಿದರು, ಏನೂ ಅನ್ನಲಿಲ್ಲ. 1955ರಲ್ಲಿ ಮಿಸಿಸಿಪಿಯಲ್ಲಿ ಬಿಳಿಯರು 14 ವರ್ಷದ ಎಮೆಟ್ ಟಿಲ್‌ನನ್ನು ಕೊಂದಾಗ ಅವನ ತಾಯಿ ಪೆಟ್ಟಿಗೆ ಮುಚ್ಚಲು ಬಿಡಲಿಲ್ಲ, ನನ್ನ ಮಗನಿಗೆ ಏನು ಮಾಡಿದ್ದಾರೆ ಅಂತ ಲೋಕ ನೋಡಲಿ ಅಂದರು. ಸಾವಿರಾರು ಜನ ಸಾಲಿನಲ್ಲಿ ಬಂದು ನೋಡಿದರು. ಅದನ್ನು ನಾನೇ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದೇನೆ. ಅಲ್ಲಿ ತೆರೆಯಬೇಕೋ ಬೇಡವೋ ಅಂತ ತೀರ್ಮಾನಿಸಿದ್ದು ತಾಯಿ. ಇಲ್ಲಿ ಮುಚ್ಚಬೇಕೋ ಬೇಡವೋ ಅಂತ ತೀರ್ಮಾನಿಸಿದ್ದು, ಬಾಡಿಗೆ ಪ್ರೊಜೆಕ್ಟರಿನ ಪಕ್ಕ ಕುಳಿತ ನಾನು. ಮತ್ತೊಮ್ಮೆ ತೋರಿಸಿದರೆ ಏನು ಮಾಡುತ್ತೇನೆ? ಮೊದಲೇ ಹೇಳಿ, ಬೇಡವಾದವರು ಕಣ್ಣು ಮುಚ್ಚಿಕೊಳ್ಳಿ ಅನ್ನುತ್ತೇನೆ, ಕೈ ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ.

ವಾಚ್‌ಮನ್ ಅಣ್ಣನ ಮಾತು ಮೊದಲು ನನಗೆ ಸಿಟ್ಟು ತರಿಸಿತ್ತು. ಗೇಟಿನ ಹತ್ತಿರ ನಿಲ್ಲಿಸಿ, “ಎಷ್ಟು ಕಡ್ಡಿ ಇಟ್ಟಿದ್ರಂತ್ರಿ? ಟೈಮರ್ ಹಚ್ಚಿದ್ರೇನು?” ಅಂತ ಕೇಳಿದರು. ನಾಲ್ಕು ಮಕ್ಕಳು ಸತ್ತ ಸಿನಿಮಾ ನೋಡಿ ಇದೇನು ಕೇಳುವುದು ಅನಿಸಿತು. ಅವರು ಸಂಡೂರಿನ ಗಣಿಯಲ್ಲಿ ಮದ್ದು ಸಿಡಿಸುವ ತಂಡದಲ್ಲಿ ಕೂಲಿ ಮಾಡಿದವರು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದಾಗ ಕೆಲಸ ಹೋಗಿ ಈ ಕಡೆ ಬಂದವರು. ಬರ್ಮಿಂಗ್‌ಹ್ಯಾಮ್ ಕೂಡ ಸಂಡೂರಿನ ಹಾಗೇ ಅದಿರಿನ ಸೀಮೆ, ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಮೂರೂ ಒಂದೇ ಕಡೆ ಸಿಕ್ಕಿದ್ದಕ್ಕೆ 1871ರಲ್ಲಿ ಹುಟ್ಟಿದ ಊರು ಅಂದೆ. ಅಲ್ಲಿಯ ಗುಡ್ಡದ ಹೆಸರೇ ರೆಡ್ ಮೌಂಟನ್, ಕೆಂಪು ಗುಡ್ಡ. ಅಲ್ಲಿ ಕಬ್ಬಿಣದಲ್ಲೇ ಎರಕ ಹೊಯ್ದ 56 ಅಡಿಯ ಕಮ್ಮಾರ ದೇವರ ಮೂರ್ತಿ ನಿಂತಿದೆ.

“ಹಂಗಾರ ಮದ್ದು ಎಲ್ಲಾ ಕಡೆ ಸಿಗ್ತಿರಬೇಕು” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವು ಸಿಡಸೂಕಿಂತ ಮೊದಲ ಸೈರನ್ ಊದತಿದ್ವಿ ಮೇಡಂ. ಕೆಂಪು ಬಾವುಟ ಹಿಡಕೊಂಡು ಎರಡೂ ದಾರಿಗೆ ಮಂದಿ ನಿಂದರತಿದ್ರು. ಕುರಿ ಕಾಯೋ ಹುಡುಗ ಗುಡ್ಡದ ಮ್ಯಾಲ ಅದಾನೇನೋ ಅಂತ ಕೂಗಿ ನೋಡ್ತಿದ್ವಿ. ಮದ್ದು ಇಡಾವಗ ಯಾರು ಎಲ್ಲೆಲ್ಲಿ ಅದಾರ ಅನ್ನಾದ ಮೊದಲ ಲೆಕ್ಕ. ಭಾನುವಾರ ಚರ್ಚಿನಾಗ ಯಾರು ಇರ್ತಾರ ಅಂತ ಅವರಿಗೆ ಗೊತ್ತಿಲ್ದನ?”

ಚರ್ಚಿನ ಆಫೀಸಿಗೆ ಒಂದು ಫೋನ್ ಬಂದಿತ್ತು, ಎತ್ತಿದ್ದು 14 ವರ್ಷದ ಇನ್ನೊಬ್ಬ ಹುಡುಗಿ, ಆ ಕಡೆಯ ದನಿ ‘ಮೂರು ನಿಮಿಷ’ ಅಂತಷ್ಟೇ ಹೇಳಿ ಇಟ್ಟುಬಿಟ್ಟಿತು ಅಂತ ಹೇಳಿದೆ.

“ಅದು ಸೈರನ್ ಅಲ್ರಿ” ಅಂದರು. “ಅದು ಚಾಷ್ಟಿ.”

ಮರುದಿನ ಸಂಜೆ ಹೋದಾಗ ಬೋರ್ಡಿನ ಮೇಲೆ ನಾನೇ ಬರೆದಿದ್ದ ಸಿನಿಮಾದ ಹೆಸರಿನಲ್ಲಿ 4 ಅಳಿಸಿ ಯಾರೋ 6 ಮಾಡಿದ್ದರು. ಮಾತಿನ ನಡುವೆ ನಾನು ಹೇಳಿದ್ದನ್ನು ಯಾರೋ ಹಿಡಿದುಕೊಂಡಿದ್ದರು. ಅದೇ ದಿನ ಅದೇ ಊರಿನಲ್ಲಿ 16 ವರ್ಷದ ಜಾನಿ ರಾಬಿನ್ಸನ್ ಪೊಲೀಸರ ಗುಂಡಿಗೆ ಸತ್ತ. ಅಣ್ಣನ ಸೈಕಲ್ಲಿನ ಹ್ಯಾಂಡಲ್ ಮೇಲೆ ಕುಳಿತು ಹೋಗುತ್ತಿದ್ದ 13 ವರ್ಷದ ವರ್ಜಿಲ್ ವೇರ್‌ನನ್ನು ಬಿಳಿಯ ಹುಡುಗರು ಗುಂಡಿಟ್ಟು ಕೊಂದರು. ಬರೆದವರು ಯಾರು ಅಂತ ಕೇಳಲಿಲ್ಲ, ಅಳಿಸಲೂ ಇಲ್ಲ.

ಅಪ್ಪನಿಗೆ ಈಗ 71. ಊರಿಗೆ ಹೋದಾಗ ಆ ಸ್ಯಾಂಡ್‌ವಿಚ್ಚಿನ ತುಣುಕನ್ನಷ್ಟೇ ಮೊಬೈಲಿನಲ್ಲಿ ತೋರಿಸಿದೆ. ಯಾಕೆ ತೋರಿಸಿದೆ ಅಂತ ಖಚಿತವಾಗಿ ಹೇಳಲಾರೆ, ಒಳ್ಳೆಯ ಉದ್ದೇಶ ಇರಲಿಲ್ಲ ಅನಿಸುತ್ತದೆ. ಈ ಸಲ ಸ್ಯಾಂಡ್‌ವಿಚ್ ಅಂತಲೇ ಹೇಳಿದೆ. ಅಪ್ಪ ಕನ್ನಡಕ ಮೇಲೆ ಮಾಡಿ ಎರಡು ಸಲ ನೋಡಿದರು.

“ಆಮ್ಯಾಲ ಆ ಅಂಗಡಿಯಾಂವ ಏನ್ ಮಾಡಿದ?” ಅಂದರು.

1963ರ ಮೇ ತಿಂಗಳಲ್ಲಿ ಸಾವಿರಾರು ಶಾಲಾ ಮಕ್ಕಳೇ ಬೀದಿಗೆ ಇಳಿದದ್ದು, ಪೊಲೀಸರು ನಾಯಿ ಬಿಟ್ಟದ್ದು, ಬೆಂಕಿ ಆರಿಸುವ ಪೈಪಿನ ನೀರು ಮಕ್ಕಳ ಮೇಲೆ ಹಾರಿಸಿದ್ದು, ಕರಿಯರು ಪೇಟೆಯಲ್ಲಿ ಕೊಳ್ಳುವುದನ್ನೇ ಬಿಟ್ಟಾಗ ವ್ಯಾಪಾರ ಕೂತುಹೋದದ್ದು, ಕೊನೆಗೆ ಅಂಗಡಿಯವರು ಆ ತಿಂಡಿಯ ಕಟ್ಟೆಗಳನ್ನು ಎಲ್ಲರಿಗೂ ತೆರೆಯಲು ಒಪ್ಪಿದ್ದು ಹೇಳಿದೆ. ನಾಲ್ಕು ತಿಂಗಳಿಗೆ ಚರ್ಚಿನಲ್ಲಿ ಮದ್ದು ಸಿಡಿಯಿತು.

“ಒಪ್ಪಿದ್ನಲ್ಲ” ಅಂದರು ಅಪ್ಪ. “ಗಿರಾಕಿ ಹೋಗ್ತಾವಂತ ಹೊರಗ ಇಟ್ಟ, ಗಿರಾಕಿ ಹೋದುವಂತ ಒಳಗ ಕರದ.” ಸ್ವಲ್ಪ ತಡೆದು, “ನಮ್ಮಲ್ಲಿ ಯಾರೂ ಬರಾದು ಬಿಡಲಿಲ್ಲ ನೋಡು. ಬಿಟ್ಟಿದ್ರ ನಾನೂ…” ಅಂದು ಅಲ್ಲಿಗೇ ನಿಲ್ಲಿಸಿ ಅವ್ವನನ್ನು ಚಹಾ ಕೇಳಿದರು. ತಪ್ಪನ್ನು ಕಿಟಕಿಯ ಆ ಕಡೆ ನಿಂತವರ ಮೇಲೆಯೇ ಹಾಕುವ ಈ ಜಾಣತನಕ್ಕೆ ಏನು ಹೇಳಲಿ. ಹೇಳಲಿಲ್ಲ. ಚಹಾ ನಾನೇ ಮಾಡಿಕೊಟ್ಟೆ.

ಇದನ್ನು ಇಷ್ಟಕ್ಕೇ ಬಿಡಬೇಕು ಅಂತಿದ್ದೆ. ಇನ್ನೊಬ್ಬಳು ಉಳಿದಿದ್ದಾಳೆ.

ಬಲಗಡೆ ಸಾಲಿನಿಂದ ‘ಅದೆಲ್ಲ ಈಗ್ಯಾಕ’ ಅಂದಿದ್ದ ಹುಡುಗಿ. ಪಿಯುಸಿ ಎರಡನೇ ವರ್ಷ. ಆಕೆಯ ಸೋದರಮಾವನ ಹೆಸರು ಒಂದು ಕೇಸಿನಲ್ಲಿದೆ. ಯಾವ ಕೇಸು, ಯಾವ ಊರು ಅಂತ ನಾನು ಬರೆಯುವುದಿಲ್ಲ. ಸಿನಿಮಾ ಆದ ವಾರ ಇಂಗ್ಲಿಷ್ ಪಾಠ ಮುಗಿದ ಮೇಲೆ ಒಬ್ಬಳೇ ನಿಂತು ಕೇಳಿದ್ದಳು. “ಮೇಡಂ, ಆ ಮದ್ದು ಇಟ್ಟಾವನ ಮನ್ಯಾವ್ರು ಏನಂದ್ರು? ಅವರನ್ನ ಯಾಕ ಸಿನ್ಮಾದಾಗ ಕೇಳಿಲ್ಲ?”

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಆಮೇಲೆ ಹುಡುಕಿ ಓದಿದೆ. 1977ರಲ್ಲಿ ರಾಬರ್ಟ್ ಚಾಂಬ್ಲಿಸ್‌ಗೆ ಶಿಕ್ಷೆ ಆಗಲು ದೊಡ್ಡ ಕಾರಣ ಅವನ ಹೆಂಡತಿ ಕಡೆಯಿಂದ ಮಗಳಾಗಬೇಕಾದ ಒಬ್ಬಾಕೆಯ ಸಾಕ್ಷಿ. ಸ್ಫೋಟದ ಹೊತ್ತಿಗೆ ಇಪ್ಪತ್ತು ದಾಟಿದ್ದ ಹೆಣ್ಣುಮಗಳು. ಟಿವಿಯಲ್ಲಿ ಸ್ಫೋಟದ ಸುದ್ದಿ ಬರುವಾಗ ಇವನು ಟಿವಿಯ ಕಡೆ ನೋಡಿ, ಯಾರಿಗೂ ನೋವಾಗಲಿ ಅಂತ ಇಟ್ಟದ್ದಲ್ಲ, ಸಿಡಿಯಬೇಕಾದ ಹೊತ್ತಿಗೆ ಸಿಡಿಯಲಿಲ್ಲ ಅನ್ನುವ ಅರ್ಥದ ಮಾತಾಡಿದ್ದನ್ನು ಆಕೆ ಕಿವಿಯಾರೆ ಕೇಳಿದ್ದಳು. ಹದಿನಾಲ್ಕು ವರ್ಷದ ಮೇಲೆ ಕೋರ್ಟಿನಲ್ಲಿ, ಅವನ ಎದುರೇ, ಹೇಳಿದಳು. 2002ರ ಕೇಸಿನಲ್ಲಿ ಬಾಬಿ ಫ್ರಾಂಕ್ ಚೆರ್ರಿಯ ಮೊಮ್ಮಗಳೂ ಹಾಗೇ ಬಂದು ಅಜ್ಜನ ವಿರುದ್ಧ ಸಾಕ್ಷಿ ಹೇಳಿದಳು.

ಇದನ್ನು ಹೇಳಲು ಸಿಕ್ಕಿದ್ದು ಜನವರಿ 13ಕ್ಕೆ, ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ. ಸಂಕ್ರಾಂತಿಗೆ ಊರಿಗೆ ಹೊರಟಿದ್ದಳು. ಹೊಳೆಯ ಜಳಕಕ್ಕೆ ಪ್ರತಿ ವರ್ಷ ಮಾವನ ಮನೆಯವರ ಟ್ರ್ಯಾಕ್ಟರಿನಲ್ಲೇ ಎಲ್ಲರೂ ಹೋಗುವುದು, ರೊಟ್ಟಿ ಬುತ್ತಿ ಕಟ್ಟಿಕೊಂಡು. ಬಸ್ಸಿನ ಗದ್ದಲದಲ್ಲಿ ಕೂಗಿ ಕೂಗಿ ಹೇಳಿದೆ. ಮಧ್ಯೆ ಒಂದೂ ಮಾತಾಡದೆ ಕೇಳಿದಳು. ಕೈಯಲ್ಲಿ ಮಾವನ ಮಕ್ಕಳಿಗೆಂದು ಕೊಂಡ ಬೂಂದಿಯ ಪೊಟ್ಟಣ.

“ಹದಿನಾಲ್ಕು ವರ್ಷನ್ರೀ?” ಅಂದಳು.

“ಹೂಂ.”

“ಅಷ್ಟೂ ವರ್ಷ ಹಬ್ಬಕ್ಕ ಅವರ ಮನಿಗೆ ಹೊಕ್ಕಿದ್ಲೇನ್ರೀ ಮೇಡಂ?”

ಬಸ್ಸು ಬಂತು. ಸೀಟಿಗೆ ಕರ್ಚೀಫು ಹಾಕಲು ಓಡಿದಳು.